ರುಚಿ ನೋಡದೆ ಮಾಡುವ ಟ್ರೈಫಲ್

ರೋಜಾ ಇದ್ದವರು ಅಡುಗೆ ಮಾಡಬಹುದು, ರುಚಿ ನೋಡುವ ಹಾಗಿಲ್ಲ. ನಾಲಿಗೆಯ ತುದಿಗೆ ತಾಗಿಸಿ ಉಗುಳಿದರೆ ಅಡ್ಡಿಯಿಲ್ಲ ಎನ್ನುವ ಹಿರಿಯರಿದ್ದಾರೆ. ನಮ್ಮ ಅಮ್ಮಿ ಅಷ್ಟಕ್ಕೂ ಹೋಗುವುದಿಲ್ಲ. ಸಮೋಸಾದ ಖೀಮಾಕ್ಕೆ, ಗಂಜಿಗೆ ಉಪ್ಪು ಹಾಕುವಾಗ ಅವರ ಕೈಯೇ ತಕ್ಕಡಿ. ಇಪ್ಪತ್ತು ವರ್ಷದಿಂದ ಪಳಗಿದ ಕೈ ಅದು. ಆದರೆ ಗಾಜಿನ ಬಟ್ಟಲಿನಲ್ಲಿ ಪದರ ಪದರವಾಗಿ ನಿಲ್ಲಬೇಕಾದ ಟ್ರೈಫಲ್ ಕೈ ಅಂದಾಜಿಗೆ ಬಗ್ಗುವ ವಸ್ತುವಲ್ಲ. ಕಸ್ಟರ್ಡ್ ಪುಡಿ ಒಂದು ಚಮಚ ಕಡಿಮೆಯಾದರೆ ಹಣ್ಣೆಲ್ಲ ಮುಳುಗಿ ಪಾಯಸವಾಗುತ್ತದೆ, ಒಂದು ಚಮಚ ಹೆಚ್ಚಾದರೆ ಚಾಕುವಿನಿಂದ ಕತ್ತರಿಸಬೇಕಾಗುತ್ತದೆ. ಮಗ್ರಿಬ್ ಅಜಾನ್ ಆಗಿ ಖರ್ಜೂರ ಬಾಯಿಗೆ ಹಾಕಿಕೊಂಡ ಮೇಲೆ ಅದನ್ನು ಸರಿಪಡಿಸಲು ಸಮಯವೂ ಇಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಬೇರೆಲ್ಲ ಅಡುಗೆ ಅಂದಾಜಿನಲ್ಲಿ, ಟ್ರೈಫಲ್ ಮಾತ್ರ ಅಳತೆಯಲ್ಲಿ.

ಈ ವರ್ಷ ನಮ್ಮ ಕಾಲೇಜಿನ ಕಾಮರ್ಸ್ ದಿನದ ಮಳಿಗೆಗಳಲ್ಲಿ ನಾವು ನಾಲ್ವರು ಇದನ್ನೇ ಮಾಡಿ ಮಾರಿದೆವು. ಆ ದಿನ ವಿಧಾನ ಕೇಳಿದವರು ಹಲವರು. "ಇದರಲ್ಲಿ ಏನೇನಿದೆ?" ಎಂದು ಕೇಳಿದವರು ಅವರಿಗಿಂತ ಹೆಚ್ಚು. ಎರಡಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಟ್ರೈಫಲ್ ಮೂಲತಃ ಇಂಗ್ಲೆಂಡಿನ ಸಿಹಿ. ಅಲ್ಲಿನ ಹಳೆಯ ಪದ್ಧತಿಯಲ್ಲಿ ತಳದಲ್ಲಿ ಸ್ಪಂಜ್ ಕೇಕ್, ಅದನ್ನು ನೆನೆಸಲು ಶೆರ್ರಿ ಎಂಬ ವೈನ್, ಮೇಲೆ ಮೊಟ್ಟೆಯ ಹಳದಿಯಿಂದ ಮಾಡಿದ ಕಸ್ಟರ್ಡ್, ಅದರ ಮೇಲೆ ಕ್ರೀಮ್. ಇಷ್ಟನ್ನು ಓದಿದರೆ ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ ಎನಿಸಬಹುದು. ಸಂಬಂಧ ಬಂದದ್ದು ಒಬ್ಬ ಔಷಧ ವ್ಯಾಪಾರಿಯಿಂದ. ಬರ್ಮಿಂಗ್‌ಹ್ಯಾಮ್ ನಗರದ ಆಲ್ಫ್ರೆಡ್ ಬರ್ಡ್ ಎಂಬವರ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಕಸ್ಟರ್ಡ್ ಮಾತ್ರ ಬೇಕಿತ್ತು. 1837ರಲ್ಲಿ ಅವರು ಮೊಟ್ಟೆಯ ಬದಲು ಮೆಕ್ಕೆಜೋಳದ ಪಿಷ್ಟ ಬಳಸಿ ಪುಡಿ ತಯಾರಿಸಿದರು. ಇಂದು ನಾವು ಅಂಗಡಿಯಿಂದ ತರುವ ಡಬ್ಬಿಯಲ್ಲಿರುವುದೂ ಅದೇ: ಮೆಕ್ಕೆಜೋಳದ ಪಿಷ್ಟ, ಸ್ವಲ್ಪ ಉಪ್ಪು, ಹಳದಿ ಬಣ್ಣ, ವೆನಿಲ್ಲಾ ಪರಿಮಳ. ಒಬ್ಬರ ತಟ್ಟೆಗಾಗಿ ಮಾಡಿದ ಬದಲಾವಣೆಯಿಂದ ಮೊಟ್ಟೆ ಮುಟ್ಟದ ಲಕ್ಷಾಂತರ ಮನೆಗಳಿಗೆ ಕಸ್ಟರ್ಡ್ ಬಂತು. ದಾವಣಗೆರೆ, ಹಾವೇರಿ ಕಡೆ ಹೋಗುವಾಗ ರಸ್ತೆಯ ಎರಡೂ ಬದಿ ಕಾಣುವ ಮೆಕ್ಕೆಜೋಳವನ್ನು ನೋಡಿದಾಗ ನನಗೆ ಈ ಡಬ್ಬಿ ನೆನಪಾಗುತ್ತದೆ.

ಶೆರ್ರಿಯ ಜಾಗದಲ್ಲಿ ನಮ್ಮ ಮನೆಗಳಲ್ಲಿ ಕಿತ್ತಳೆ ರಸ ಅಥವಾ ರೂಹ್ ಅಫ್ಜಾ ಬರುತ್ತದೆ. ಸ್ಪಂಜ್ ಕೇಕಿನ ಜಾಗದಲ್ಲಿ ರಸ್ಕ್ ಅಥವಾ ಮಾರಿ ಬಿಸ್ಕತ್ತು. ಓವನ್ ಬೇಕಿಲ್ಲ, ಒಂದು ಒಲೆ, ಒಂದು ಫ್ರಿಜ್ ಸಾಕು.

ಈಗ ಕಸ್ಟರ್ಡ್. ಒಂದು ಲೀಟರ್ ಹಾಲಿಗೆ 60 ಗ್ರಾಂ ಪುಡಿ, 100 ಗ್ರಾಂ ಸಕ್ಕರೆ. ತಕ್ಕಡಿ ಇಲ್ಲದವರು ಪುಡಿಯನ್ನು ಊಟದ ದೊಡ್ಡ ಚಮಚದಲ್ಲಿ ಮೇಲ್ಭಾಗ ಸಮ ಮಾಡಿ ಸುಮಾರು ಆರು ಚಮಚ ಹಾಕಬಹುದು. ಡಬ್ಬಿಯ ಮೇಲೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಬರೆದಿರುತ್ತದೆ. ಅದು ಬಟ್ಟಲಿಗೆ ಸುರಿದು ಕುಡಿಯುವಷ್ಟು ತೆಳ್ಳಗಿನ ಫ್ರೂಟ್ ಕಸ್ಟರ್ಡ್‌ಗೆ ಸರಿ. ಪದರ ನಿಲ್ಲಬೇಕಾದರೆ ಇಷ್ಟು ಬೇಕೇ ಬೇಕು. ಸಕ್ಕರೆಯ ವಿಷಯದಲ್ಲೂ ಒಂದು ಮಾತು: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಬಿಸಿಯಲ್ಲಿ ರುಚಿ ನೋಡಿ "ಸಾಕು" ಅಂದ ಕಸ್ಟರ್ಡ್ ಫ್ರಿಜ್‌ನಿಂದ ಬಂದಾಗ ಸಪ್ಪೆ ಎನಿಸುತ್ತದೆ. ಹೀಗಾಗಿ ರೋಜಾ ಇಲ್ಲದ ದಿನವೂ ನಾಲಿಗೆಗಿಂತ ಅಳತೆಯನ್ನು ನಂಬುವುದು ಒಳ್ಳೆಯದು.

ಹಾಲಿನಲ್ಲಿ ಒಂದು ಲೋಟ, ಎಂದರೆ ಸುಮಾರು 150 ಮಿಲೀ, ತಣ್ಣಗೇ ತೆಗೆದಿಟ್ಟುಕೊಂಡು ಪುಡಿಯನ್ನು ಅದರಲ್ಲಿ ಕಲಸಬೇಕು. ಉಳಿದ ಹಾಲಿಗೆ ಸಕ್ಕರೆ ಹಾಕಿ ಕಾಯಲು ಇಡಬೇಕು. ತಣ್ಣನೆಯ ಹಾಲೇ ಏಕೆ? ಪಿಷ್ಟದ ಕಣಗಳು ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರು ಹೀರಿ ಉಬ್ಬತೊಡಗುತ್ತವೆ. ಪುಡಿಯನ್ನು ನೇರವಾಗಿ ಕುದಿಯುವ ಹಾಲಿಗೆ ಸುರಿದರೆ ಪ್ರತಿ ಹಿಡಿಯ ಹೊರಭಾಗ ಮೊದಲು ಉಬ್ಬಿ ಅಂಟಿನ ಗೋಡೆಯಂತಾಗುತ್ತದೆ. ಒಳಗಿನ ಪುಡಿಗೆ ನೀರೇ ತಲುಪುವುದಿಲ್ಲ. ಅದೇ ಗಂಟು. ಆಮೇಲೆ ಎಷ್ಟು ತಿರುವಿದರೂ ಗಂಟು ಕರಗದು, ಸೋಸಬೇಕಷ್ಟೆ. ತಣ್ಣನೆಯ ಹಾಲಿನಲ್ಲಿ ಕಣಗಳು ಬೇರೆ ಬೇರೆಯಾಗಿ ತೇಲುತ್ತಿರುತ್ತವೆ, ಬಿಸಿ ತಾಗಿದಾಗ ಎಲ್ಲವೂ ಒಟ್ಟಿಗೆ ಉಬ್ಬುತ್ತವೆ.

ಹಾಲು ಉಕ್ಕುವ ಮೊದಲು ಉರಿ ಸಣ್ಣ ಮಾಡಿ, ಲೋಟದಲ್ಲಿ ಕಲಸಿದ್ದನ್ನು ಇನ್ನೊಮ್ಮೆ ತಿರುವಿ (ಪಿಷ್ಟ ತಳಕ್ಕೆ ಕೂತಿರುತ್ತದೆ), ಸಣ್ಣ ಧಾರೆಯಾಗಿ ಹಾಲಿಗೆ ಬಿಡಬೇಕು. ಇನ್ನೊಂದು ಕೈ ಸೌಟು ತಿರುವುತ್ತಲೇ ಇರಬೇಕು. ನಿಲ್ಲಿಸಿದರೆ ತಳ ಹಿಡಿಯುತ್ತದೆ, ಆ ಸೀದ ವಾಸನೆಗೆ ವೆನಿಲ್ಲಾ ಕೂಡ ಏನೂ ಮಾಡಲಾರದು. ಮೊದಲ ಗುಳ್ಳೆ ಬಂದ ಮೇಲೆ ಎರಡು ನಿಮಿಷ ಬೇಯಿಸಬೇಕು. ಮಂದವಾಯಿತೆಂದು ತಕ್ಷಣ ಇಳಿಸಿದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಸೌಟಿನ ಹಿಂಬದಿಯ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಮುಚ್ಚಿಕೊಳ್ಳದೆ ನಿಂತರೆ ಆಯಿತು. ಆರಿದಾಗ ಇದು ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಒಲೆಯ ಮೇಲೆ ಬೇಕಾದಷ್ಟು ಗಟ್ಟಿ ಕಾಣಲಿಲ್ಲವೆಂದು ಗಾಬರಿಯಾಗಿ ಮತ್ತೆ ಪುಡಿ ಸೇರಿಸಬೇಡಿ.

ಆರುವಾಗ ಮೇಲೆ ಕೆನೆಯಂಥ ಚರ್ಮ ಕಟ್ಟುತ್ತದೆ. ಹಾಲಿನ ಪ್ರೊಟೀನು ಮೇಲ್ಭಾಗದಲ್ಲಿ ಒಣಗಿ ಆಗುವುದು ಅದು. ಅದನ್ನು ಚಮಚದಲ್ಲಿ ಎತ್ತಿ ತಿನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಪದರಕ್ಕೆ ಅದು ಬೇಡ. ಐದು ನಿಮಿಷಕ್ಕೊಮ್ಮೆ ತಿರುವುತ್ತಿದ್ದರೆ ಸಾಕು.

ಇನ್ನೊಂದು ಸಂಗತಿಯನ್ನು ತಿಳಿದಾಗ ನಮ್ಮ ನಾನಿ ಬಹಳ ಸಂತೋಷಪಟ್ಟರು. ಎಂಜಲು ಚಮಚವನ್ನು ಕಸ್ಟರ್ಡ್ ಪಾತ್ರೆಗೆ ಮತ್ತೆ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಆ ಜಾಗ ನೀರಾಗುತ್ತದೆ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ಪಾತ್ರೆಯಲ್ಲೂ ಅದು ತನ್ನ ಕೆಲಸ ಬಿಡುವುದಿಲ್ಲ. ಎಂಜಲು ಮಾಡಬೇಡಿ ಎಂದು ನಾನಿ ಇಷ್ಟು ವರ್ಷ ಬೈದದ್ದಕ್ಕೆ ಜೀವಶಾಸ್ತ್ರ ಸಹಿ ಹಾಕಿದೆ. ರಮ್ಜಾನ್‌ನಲ್ಲಿ ಮಾಡಿದ ಕಸ್ಟರ್ಡ್ ಚೆನ್ನಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ ಇರಬಹುದು. ಸಂಜೆಯವರೆಗೆ ಯಾರೂ ಚಮಚ ಹಾಕುವುದಿಲ್ಲವಲ್ಲ!

ಹಣ್ಣಿನ ಆಯ್ಕೆ ಸುಲಭವೆಂದು ಕಾಣುತ್ತದೆ, ಅಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಈ ಹಣ್ಣು ನೀರು ಬಿಡುತ್ತದೆಯೇ? ಇದು ಹಾಲನ್ನು ಕೆಡಿಸುತ್ತದೆಯೇ? ಕಲ್ಲಂಗಡಿ, ಕರಬೂಜ ಮೊದಲ ಪ್ರಶ್ನೆಯಲ್ಲೇ ಸೋಲುತ್ತವೆ. ಇಫ್ತಾರ್ ತಟ್ಟೆಯಲ್ಲಿ ಅವಕ್ಕೆ ಬೇರೆ ಜಾಗ ಇದೆ, ಟ್ರೈಫಲ್‌ನಲ್ಲಿ ಇಲ್ಲ. ವಿಜಯಪುರದ ಬೀಜವಿಲ್ಲದ ದ್ರಾಕ್ಷಿ, ದಾಳಿಂಬೆ, ಸೇಬು, ಏಲಕ್ಕಿ ಬಾಳೆ ಚೆನ್ನಾಗಿ ನಿಲ್ಲುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿ ಮಾವು ಸಿಕ್ಕರೆ ಬೇರೆ ಹಣ್ಣನ್ನು ನೋಡಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಸೇಬು, ಬಾಳೆ ಹೆಚ್ಚಿದ ಕೂಡಲೇ ಕಂದಾಗುತ್ತವೆ. ಅರ್ಧ ಲೀಟರ್ ನೀರಿಗೆ ಒಂದು ನಿಂಬೆ ಹಿಂಡಿ ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಉಳಿಯುತ್ತದೆ. ತೆಗೆದ ಮೇಲೆ ಬಟ್ಟೆಯ ಮೇಲೆ ಹರಡಿ ನೀರು ಒರೆಸಲೇಬೇಕು.

ಎರಡನೇ ಪ್ರಶ್ನೆಯಲ್ಲಿ ಸೋಲುವುದು ಅನಾನಸ್. ಹಸಿ ಅನಾನಸಿನಲ್ಲಿ ಬ್ರೋಮೆಲೈನ್ ಎಂಬ ಕಿಣ್ವವಿದೆ. ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್. ಮೂರೂ ಪ್ರೊಟೀನನ್ನು ತುಂಡರಿಸುತ್ತವೆ. ಬಕ್ರೀದಿನಲ್ಲಿ ಗಟ್ಟಿ ಮಾಂಸಕ್ಕೆ ಕಾಯಿ ಪಪ್ಪಾಯಿ ಅರೆದು ಹಚ್ಚುವುದು ಇದೇ ಗುಣಕ್ಕಾಗಿ. ಮಾಂಸವನ್ನು ಮೆದುವಾಗಿಸುವ ಅದೇ ಕಿಣ್ವ ಹಾಲಿನ ಪ್ರೊಟೀನನ್ನೂ ಒಡೆದು ಕಸ್ಟರ್ಡನ್ನು ಕಹಿ ಮಾಡುತ್ತದೆ. ಅನಾನಸ್ ಇಷ್ಟವಾದವರು ತುಂಡುಗಳನ್ನು ಸ್ವಲ್ಪ ಸಕ್ಕರೆಯೊಂದಿಗೆ ಐದು ನಿಮಿಷ ಕುದಿಸಿ, ಆರಿಸಿ ಹಾಕಬಹುದು. ಬಿಸಿಗೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ತೊಂದರೆ ಕೊಡದಿರುವುದೂ ಅದಕ್ಕೇ, ಅದನ್ನು ಮೊದಲೇ ಬೇಯಿಸಿರುತ್ತಾರೆ.

ಇನ್ನು ಜೆಲ್ಲಿಯ ಪದರ. ನಮ್ಮ ಮಳಿಗೆಯ ಮುಂದೆ ಅತಿ ಹೆಚ್ಚು ಪ್ರಶ್ನೆ ಬಂದದ್ದು ಇದರ ಬಗ್ಗೆಯೇ.

ಅಂಗಡಿಯಲ್ಲಿ ಸಿಗುವ ಜೆಲ್ಲಿಯಲ್ಲಿ ಎರಡು ಜಾತಿ. ಒಂದು ಜೆಲಟಿನ್‌ನಿಂದ ಮಾಡಿದ್ದು. ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಯನ್ನು ಬೇಯಿಸಿ ತೆಗೆದ ಪ್ರೊಟೀನು. ಯಾವ ಪ್ರಾಣಿ, ಹೇಗೆ ಕೊಯ್ದದ್ದು ಎಂಬುದು ಪ್ಯಾಕೆಟ್ ನೋಡಿದರೆ ತಿಳಿಯುವುದಿಲ್ಲ. ಹಲಾಲ್ ಎಂದು ಖಚಿತವಾಗದೆ ನಮ್ಮ ಮನೆಯಲ್ಲಿ ಅದನ್ನು ತರುವುದಿಲ್ಲ. ಸಸ್ಯಾಹಾರಿ ಮನೆಯವರಿಗೆ ಯಾವ ಪ್ರಾಣಿಯಾದರೂ ಆಗದು. ಇನ್ನೊಂದು ಜಾತಿ ಕಡಲಪಾಚಿಯಿಂದ ಮಾಡಿದ್ದು. ಪ್ಯಾಕೆಟ್ಟಿನ ಹಿಂದೆ 406 ಎಂಬ ಸಂಖ್ಯೆ ಇದ್ದರೆ ಅದು ಅಗರ್, 407 ಇದ್ದರೆ ಕ್ಯಾರಜೀನನ್. ಎರಡೂ ಕಡಲಪಾಚಿಯವು. ಸಂಖ್ಯೆ ನೆನಪಿಲ್ಲದಿದ್ದರೆ ಗುರುತು ನೋಡಿ. ನಮ್ಮ ದೇಶದಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರುವ ಪ್ಯಾಕೆಟ್ಟಿನಲ್ಲಿ ಜೆಲಟಿನ್ ಇರುವಂತಿಲ್ಲ, ಮೊಟ್ಟೆಯೂ ಇರುವಂತಿಲ್ಲ. ಕಂದು ಗುರುತು ಇದ್ದರೆ ಎರಡರಲ್ಲಿ ಒಂದೋ, ಮಾಂಸಾಹಾರದ ಬೇರೇನೋ ಇದೆ ಎಂದರ್ಥ. 471 ಎಂಬ ಇನ್ನೊಂದು ಸಂಖ್ಯೆ ಬಿಸ್ಕತ್ತು, ಕೇಕುಗಳ ಮೇಲೆ ಕಾಣುತ್ತದೆ. ಅದು ಕೊಬ್ಬಿನಿಂದ ಮಾಡಿದ್ದು, ಗಿಡದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಹಸಿರು ಗುರುತಿದ್ದರೆ ಗಿಡದ್ದು ಎಂದು ತಿಳಿಯಬೇಕು. ಹಸಿರು ಗುರುತು ಹೇಳದ ಸಂಗತಿ ಒಂದಿದೆ: ಮದ್ಯಸಾರ. ಕೆಲವು ವೆನಿಲ್ಲಾ ಎಸೆನ್ಸ್‌ಗಳನ್ನು ಅದರಲ್ಲಿ ಕರಗಿಸಿರುತ್ತಾರೆ. ಕಸ್ಟರ್ಡ್ ಪುಡಿಯಲ್ಲಿ ಪರಿಮಳ ಮೊದಲೇ ಇರುವುದರಿಂದ ಎಸೆನ್ಸ್ ಸೀಸೆಯನ್ನು ತರುವ ಅಗತ್ಯವೇ ಇಲ್ಲ.

ಕಾಮರ್ಸ್ ದಿನ ನಮ್ಮ ತರಗತಿಯ ಗೆಳತಿಯೊಬ್ಬಳು ದುಡ್ಡು ಕೈಯಲ್ಲಿ ಹಿಡಿದು ನಿಂತು, ಕಪ್ ತೆಗೆದುಕೊಳ್ಳುವ ಮೊದಲು ಮೆಲ್ಲಗೆ ಕೇಳಿದಳು: "ಮೊಟ್ಟೆ ಇಲ್ಲ ತಾನೇ? ಬೇಜಾರು ಮಾಡ್ಕೋಬೇಡ, ಮನೇಲಿ ಕೇಳ್ತಾರೆ." ಬೇಜಾರು ಮಾಡಿಕೊಳ್ಳಲು ಏನಿದೆ? ಜೆಲ್ಲಿ ಪ್ಯಾಕೆಟ್ ಕೈಗೆತ್ತಿಕೊಂಡಾಗ ನಾವೂ ಮಾಡುವುದು ಅದನ್ನೇ, ತಿರುಗಿಸಿ ಹಿಂಬದಿ ಓದುವುದು. ನಾವು ಬಿಸ್ಕತ್ತು, ಕಸ್ಟರ್ಡ್ ಪುಡಿ, ಚೈನಾ ಗ್ರಾಸ್, ಶರ್ಬತ್ತು ಎಲ್ಲದರ ಖಾಲಿ ಪ್ಯಾಕೆಟ್, ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆವು. ಅವಳು ಒಂದೊಂದನ್ನೂ ತಿರುಗಿಸಿ ನೋಡಿದಳು, ತಿಂದಳು, ಮತ್ತೆ ಬಂದು ಮನೆಗೂ ಒಂದು ಕಟ್ಟಿಸಿಕೊಂಡು ಹೋದಳು. ಮುಂದಿನ ವರ್ಷ ಮಳಿಗೆ ಹಾಕುವವರಿಗೆ ನನ್ನ ಸಲಹೆ: "ಪ್ಯೂರ್ ವೆಜ್" ಎಂದು ಬೋರ್ಡ್ ಬರೆಯುವುದಕ್ಕಿಂತ ಪ್ಯಾಕೆಟ್‌ಗಳನ್ನು ಎದುರಿಗೆ ಇಡಿ. ಬೋರ್ಡನ್ನು ನಂಬಬೇಕಾಗುತ್ತದೆ, ಪ್ಯಾಕೆಟ್ಟನ್ನು ಓದಬಹುದು.

ನಾವು ಬಳಸಿದ್ದು ಚೈನಾ ಗ್ರಾಸ್, ಎಂದರೆ ಅಗರ್. ನಮ್ಮ ಮನೆಗಳಲ್ಲಿ ಇಫ್ತಾರ್‌ಗೆ ಹಾಲಿನ ಚೈನಾ ಗ್ರಾಸ್ ಹೊಸದೇನಲ್ಲ. ಹೆಸರು ಹುಲ್ಲಿನದಾದರೂ ವಸ್ತು ಕೆಂಪು ಜಾತಿಯ ಕಡಲಪಾಚಿಯದು. ನಮ್ಮ ಪಕ್ಕದ ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಹೆಂಗಸರು ಸಮುದ್ರಕ್ಕೆ ಇಳಿದು ಇಂಥ ಪಾಚಿಯನ್ನು ಕೀಳುತ್ತಾರೆ.

ವಿಜ್ಞಾನ ವಿಭಾಗದ ಗೆಳೆಯರು ಇದನ್ನು ಪ್ರಯೋಗಾಲಯದ ಅಗರ್ ಎಂದೇ ಬಲ್ಲರು. ಅಲ್ಲಿಗೆ ಅದು ಹೋದದ್ದು ಅಡುಗೆಮನೆಯಿಂದ. 1880ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕೋಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. 37 ಡಿಗ್ರಿಗೆ ಅದು ಕರಗಿ ಹೋಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ ಅವರ ಪತ್ನಿ ಫ್ಯಾನಿ ಹೆಸ್, ತಾನು ಮನೆಯಲ್ಲಿ ಜೆಲ್ಲಿ ಮಾಡಲು ಬಳಸುವ ಅಗರ್ ಹಾಕಿ ನೋಡಿ ಎಂದರು. ಜಾವಾ ದ್ವೀಪದಲ್ಲಿದ್ದು ಬಂದ ನೆರೆಯವರಿಂದ ಅವರು ಅದನ್ನು ಕಲಿತಿದ್ದರು. ಇಂದಿಗೂ ಪ್ರಯೋಗಾಲಯಗಳು ಅದನ್ನೇ ಬಳಸುತ್ತಿವೆ. ಅಲ್ಲಿ ಅಗರ್ ಒಪ್ಪಿಗೆಯಾದ ಎರಡು ಕಾರಣವೇ ನಮಗೂ ಅನ್ವಯಿಸುತ್ತದೆ. ಅಗರ್ ಸುಮಾರು 85 ಡಿಗ್ರಿವರೆಗೆ ಕರಗದು, ನಮ್ಮ ಬೇಸಗೆಯ ಮಧ್ಯಾಹ್ನ ಅದಕ್ಕೆ ಲೆಕ್ಕವೇ ಅಲ್ಲ. ಅದು ಪ್ರೊಟೀನು ಅಲ್ಲವಾದ್ದರಿಂದ ಅನಾನಸ್, ಪಪ್ಪಾಯಿಯ ಕಿಣ್ವ ಅದನ್ನು ಏನೂ ಮಾಡುವುದಿಲ್ಲ.

ಅರ್ಧ ಲೀಟರ್ ಜೆಲ್ಲಿಗೆ 5 ಗ್ರಾಂ ಚೈನಾ ಗ್ರಾಸ್. ಎಳೆಗಳನ್ನು ಕತ್ತರಿಯಿಂದ ತುಂಡು ಮಾಡಿ ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಹಿಂಡಿ, 250 ಮಿಲೀ ಹೊಸ ನೀರಿನಲ್ಲಿ 50 ಗ್ರಾಂ ಸಕ್ಕರೆಯೊಂದಿಗೆ ಕುದಿಸಬೇಕು. ಒಂದೂ ಎಳೆ ಕಾಣದಂತೆ ಕರಗಬೇಕು. ಇಲ್ಲಿ ಆತುರಪಟ್ಟರೆ ಬಾಯಿಗೆ ದಾರ ಸಿಕ್ಕಂತಾಗುತ್ತದೆ. ಬಳಿಕ 50 ಮಿಲೀ ರೂಹ್ ಅಫ್ಜಾ ಬೆರೆಸಿದ 200 ಮಿಲೀ ನೀರನ್ನು ಸೇರಿಸಬೇಕು. ಈ ನೀರು ಉಗುರುಬೆಚ್ಚಗಿರಬೇಕು. ಫ್ರಿಜ್‌ನ ನೀರು ಹಾಕಿದರೆ ಅಗರ್ ಅಲ್ಲಲ್ಲೇ ಗಟ್ಟಿಯಾಗಿ ಚೂರುಚೂರಾಗುತ್ತದೆ. ರೂಹ್ ಅಫ್ಜಾ ಬದಲು ಕಿತ್ತಳೆ ರಸ ಹಾಕುವವರು ರಸವನ್ನು ಅಗರ್ ಜೊತೆ ಕುದಿಸಬಾರದು. ಹುಳಿಯೊಂದಿಗೆ ಕುದಿದ ಅಗರ್ ಬಲ ಕಳೆದುಕೊಳ್ಳುತ್ತದೆ. ಕೊನೆಯಲ್ಲಿ ಸೇರಿಸಿ.

ಅಗರ್ ಸುಮಾರು 35ರಿಂದ 40 ಡಿಗ್ರಿಗೆ ಬಂದಾಗಲೇ ನಿಲ್ಲುತ್ತದೆ, ಫ್ರಿಜ್ ಕೂಡ ಬೇಡ. ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ಅಡುಗೆಮನೆ ಬಿಟ್ಟು ಹೋಗಬೇಡಿ. ಅಮ್ಮಿ ಒಳಗಿನಿಂದ "ಜಮಾ ಕ್ಯಾ?" ಎಂದು ಕೇಳುತ್ತಿರುತ್ತಾರೆ. ಗಟ್ಟಿಯಾಯಿತೇ ಎಂದು ಅರ್ಥ. ಕಾಮರ್ಸ್ ಓದುವ ನನ್ನ ಕಿವಿಗೆ ಅದು ಜಮಾ-ಖರ್ಚಿನ ಜಮಾ ಎಂದೇ ಕೇಳಿಸುತ್ತದೆ. ಎರಡೂ ಬೇರೆ ಬೇರೆ ಪದಗಳು, ಸದ್ದು ಮಾತ್ರ ಒಂದು.

ಜೋಡಿಸುವ ಕ್ರಮ ಹೀಗೆ. ಕಪ್ಪಿನ ತಳಕ್ಕೆ ಕೈಯಲ್ಲಿ ಒರಟಾಗಿ ಪುಡಿ ಮಾಡಿದ ಮಾರಿ ಬಿಸ್ಕತ್ತು, ಅದರ ಮೇಲೆ ಒಂದು ಸಣ್ಣ ಚಮಚ ಶರ್ಬತ್ತು. ತೀರಾ ನುಣ್ಣಗೆ ಪುಡಿ ಮಾಡಿದರೆ ಅಂಟಿನ ಮುದ್ದೆಯಾಗುತ್ತದೆ. ಮೇಲೆ ಉಗುರುಬೆಚ್ಚಗಿನ ಕಸ್ಟರ್ಡಿನ ಅರ್ಧ ಭಾಗ. ಅದು ಪೂರ್ತಿ ತಣ್ಣಗಾಗಿದ್ದರೆ ಚಮಚದಿಂದ ಬಿದ್ದ ಹಾಗೆಯೇ ಗುಡ್ಡೆಯಾಗಿ ಕೂರುತ್ತದೆ, ಬಿಸಿಯಾಗಿದ್ದರೆ ಬಿಸ್ಕತ್ತನ್ನು ಮೇಲಕ್ಕೆ ತೇಲಿಸುತ್ತದೆ. ಆಮೇಲೆ ಬಾಳೆ ಮತ್ತು ಸೇಬು, ಅವುಗಳ ಮೇಲೆ ಉಳಿದ ಕಸ್ಟರ್ಡ್. ಕಂದಾಗುವ ಹಣ್ಣು ಎರಡು ಕಸ್ಟರ್ಡಿನ ನಡುವೆ ಮುಚ್ಚಿಕೊಂಡರೆ ಗಾಳಿ ತಾಗದು. ಇಷ್ಟಾದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಮೇಲ್ಭಾಗ ಬೆರಳಿಗೆ ಅಂಟದಂತಾದಾಗ ಜೆಲ್ಲಿಯನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಬೇಕು. ನೇರವಾಗಿ ಸುರಿದರೆ ಧಾರೆ ಕಸ್ಟರ್ಡನ್ನು ತೂತು ಮಾಡಿ ಕೆಂಪು ಹಳದಿ ಬೆರೆತು ಹೋಗುತ್ತದೆ. ಜೆಲ್ಲಿ ನಿಲ್ಲುವ ಮೊದಲೇ ದ್ರಾಕ್ಷಿ, ದಾಳಿಂಬೆಯನ್ನು ಅದರಲ್ಲಿ ಹಾಕಿಬಿಡಬೇಕು. ಕೆಂಪು ಜೆಲ್ಲಿಯೊಳಗೆ ದಾಳಿಂಬೆ ಕಾಳುಗಳು ಕಾಣುವ ಚೆಂದಕ್ಕೇ ನಮ್ಮ ಅರ್ಧ ಕಪ್‌ಗಳು ಮಾರಾಟವಾದವು.

ಫ್ರೀಜರ್‌ಗೆ ಮಾತ್ರ ಇಡಬೇಡಿ. ಬೇಗ ತಣ್ಣಗಾಗಲಿ ಎಂದು ಅನೇಕರು ಇಡುತ್ತಾರೆ. ಮಂಜುಗಟ್ಟಿ ಕರಗಿದ ಪಿಷ್ಟ ತಾನು ಹಿಡಿದಿದ್ದ ನೀರನ್ನು ಬಿಟ್ಟುಬಿಡುತ್ತದೆ. ಕಸ್ಟರ್ಡ್ ಒಡೆದ ಮೊಸರಿನಂತೆ ಕಾಣುತ್ತದೆ.

ಇದು ಹಾಲಿನ ಪದಾರ್ಥ ಎಂಬುದನ್ನು ಮರೆಯಬಾರದು. ಬೇಯಿಸಿದ ಹಾಲು, ಪಿಷ್ಟ, ಹೆಚ್ಚಿದ ಹಣ್ಣು ಮೂರೂ ಒಂದೇ ಕಪ್ಪಿನಲ್ಲಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. 5 ಡಿಗ್ರಿಗಿಂತ ಕೆಳಗೆ ಅವು ನಿಧಾನವಾಗುತ್ತವೆ, 60ರ ಮೇಲೆ ಬೆಳೆಯಲಾರವು, ನಡುವಿನ ಬಿಸಿಯೇ ಅಪಾಯ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬೇಸಗೆಯಲ್ಲಿ ಒಂದೇ ಗಂಟೆ. ಮಳಿಗೆಯಲ್ಲಿ ನಾವು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ, ಮೇಜಿನ ಮೇಲೆ ಒಮ್ಮೆಗೆ ನಾಲ್ಕೇ ಕಪ್ ಇಟ್ಟಿದ್ದೆವು. ಜನ ಸಾಲು ನಿಂತಿದ್ದಾರೆ, ಎಲ್ಲವನ್ನೂ ಹೊರಗಿಡು ಎಂದು ಗೆಳೆಯರು ಒತ್ತಾಯಿಸಿದರೂ ಒಪ್ಪಲಿಲ್ಲ. ಮದುವೆಯ ಮೀಠಾ ತಿಂದು ಊರಿಗೆ ಊರೇ ಆಸ್ಪತ್ರೆ ಸೇರಿದ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಫ್ರಿಜ್‌ನಲ್ಲಿಟ್ಟರೂ ಮಾರನೆಯ ದಿನದೊಳಗೆ ಮುಗಿಸಬೇಕು. ಮೂರನೆಯ ದಿನದ ಟ್ರೈಫಲ್ ಚೆನ್ನಾಗಿ ಕಂಡರೂ ಬೇಡ.

ಕಡೆಗೆ ನನ್ನ ವಿಷಯ, ಲೆಕ್ಕ. 40 ಕಪ್, ತಲಾ 150 ಮಿಲೀ. ನಾಲ್ವರು ತಲಾ 225 ರೂಪಾಯಿ ಹಾಕಿ 900 ರೂಪಾಯಿ ಬಂಡವಾಳ ಮಾಡಿದೆವು. ನಾವು ಕೊಂಡ ದರದಲ್ಲಿ ಹಾಲು 3 ಲೀಟರ್ 140, ಕಸ್ಟರ್ಡ್ ಪುಡಿ ಎರಡು ಪ್ಯಾಕೆಟ್ 90, ಸಕ್ಕರೆ 18, ಚೈನಾ ಗ್ರಾಸ್ 55, ನಮ್ಮ ಮನೆಯ ಸೀಸೆಯಿಂದ ಬಳಸಿದ ಶರ್ಬತ್ತಿನ ಪಾಲು 25, ಬಿಸ್ಕತ್ತು 60, ಹಣ್ಣು 290, ನಿಂಬೆ 10. ಇಲ್ಲಿಗೆ 688. ಕಪ್ ಮತ್ತು ಚಮಚ 120, ಐಸ್ 60, ಗ್ಯಾಸ್ ಅಂದಾಜು 20. ಒಟ್ಟು 888. ಕಪ್ ಒಂದಕ್ಕೆ 22 ರೂಪಾಯಿ 20 ಪೈಸೆ. ತಿಂದು ಬಿಸಾಡುವ ಕಪ್ಪಿಗೆ ಹೆಚ್ಚುಕಡಿಮೆ ಹಾಲಿನಷ್ಟೇ ಖರ್ಚಾಗಿದೆ ಎಂಬುದನ್ನು ಗಮನಿಸಿ. 30 ರೂಪಾಯಿಗೆ ಮಾರಿದೆವು. ಎರಡು ಕಪ್ ರುಚಿ ತೋರಿಸಲು ಹೋಯಿತು, 38 ಮಾರಾಟವಾಗಿ 1140 ಬಂತು. 252 ಲಾಭ, ತಲಾ 63. ಮೂವತ್ತನೇ ಕಪ್ ಮಾರುವವರೆಗೂ ನಾವು ನಷ್ಟದಲ್ಲೇ ಇದ್ದೆವು. ನಾಲ್ವರೂ ತಲಾ ಐದು ಗಂಟೆ ದುಡಿದಿದ್ದೆವು, ಒಟ್ಟು 20 ಗಂಟೆ. ಭಾಗಿಸಿದರೆ ಗಂಟೆಗೆ 12 ರೂಪಾಯಿ 60 ಪೈಸೆ. ನಮಗದು ಒಂದು ದಿನದ ತಮಾಷೆ, ಸರಿಹೋಯಿತು.

ಎಲ್ಲರಿಗೂ ಅದು ತಮಾಷೆಯಲ್ಲ. ನಮ್ಮ ಖಾಲಾ ರಮ್ಜಾನ್ ತಿಂಗಳಿಡೀ ಇದೇ ಟ್ರೈಫಲ್ ಮಾಡಿ ಓಣಿಯ ಮನೆಗಳಿಗೆ ಮಾರುತ್ತಾರೆ. ಆ ಒಂದು ತಿಂಗಳ ದುಡ್ಡಿನಲ್ಲಿ ಮಕ್ಕಳ ಈದ್ ಬಟ್ಟೆ, ಜೂನ್‌ನ ಶಾಲೆಯ ಖರ್ಚು ಎರಡೂ ಆಗಬೇಕು. ಕಪ್ಪಿಗೆ 25 ರೂಪಾಯಿ ಇಟ್ಟಿದ್ದರು. ಅವರ ಲೆಕ್ಕದಲ್ಲಿ ಹಾಲು, ಪುಡಿ, ಹಣ್ಣು ಮುಂತಾದ ಸಾಮಾನು ಮಾತ್ರ, ಎಂದರೆ 17 ರೂಪಾಯಿ 20 ಪೈಸೆ. ಹೀಗಾಗಿ ಕಪ್ಪಿಗೆ ಎಂಟು ರೂಪಾಯಿ ಹತ್ತಿರ ಉಳಿಯುತ್ತದೆ ಎಂದು ಭಾವಿಸಿದ್ದರು. ಪ್ಲಾಸ್ಟಿಕ್ ಕಪ್, ಚಮಚ, ಗ್ಯಾಸ್ ಮನೆಯ ಖರ್ಚಿನಲ್ಲಿ ಸೇರಿ ಹೋಗುತ್ತಿದ್ದವು. ಅವನ್ನು ಸೇರಿಸಿದರೆ 20 ರೂಪಾಯಿ 70 ಪೈಸೆ, ಉಳಿಯುವುದು 4 ರೂಪಾಯಿ 30 ಪೈಸೆ. ಫ್ರಿಜ್‌ನ ಕರೆಂಟ್ ಇನ್ನೂ ಸೇರಿಲ್ಲ, ಅವರ ಕೂಲಿಯಂತೂ ಇಲ್ಲವೇ ಇಲ್ಲ.

ನಾನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ, ದರ 30 ಮಾಡಿ ಎಂದೆ. ಖಾಲಾ ಸ್ವಲ್ಪ ಹೊತ್ತು ನೋಡಿ, "ಓಣಿಯವರ ಹತ್ತಿರ ಐದು ರೂಪಾಯಿ ಜಾಸ್ತಿ ಹೇಗೆ ಕೇಳಲಿ ಬೇಟಾ?" ಎಂದರು. ಕೊನೆಗೆ ದಾರಿ ಕಂಡದ್ದು ಅವರಿಗೇ. ಮನೆಯಿಂದ ಡಬ್ಬಿ ತಂದರೆ 25, ಕಪ್ಪಿನಲ್ಲಿ ಬೇಕಾದರೆ 30. ಡಬ್ಬಿಯಾದರೆ ಕಪ್ಪಿನ ಖರ್ಚು ಉಳಿದು 7 ರೂಪಾಯಿ 30 ಪೈಸೆ ಸಿಗುತ್ತದೆ, ಕಪ್ಪಾದರೆ 9 ರೂಪಾಯಿ 30 ಪೈಸೆ. ಯಾರಿಗೂ ದರ ಏರಿತು ಎನಿಸಲಿಲ್ಲ. ಕಳೆದ ರಮ್ಜಾನ್‌ನಲ್ಲಿ ಜುಹರ್ ಹೊತ್ತಿಗೇ ಅವರ ಮನೆಯ ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿಗಳು ಸಾಲಾಗಿ ಬಂದು ಕೂರುತ್ತಿದ್ದವು, ಮುಚ್ಚಳದ ಮೇಲೆ ಹೆಸರಿನ ಚೀಟಿ. ಡಬ್ಬಿಗಳು ಒಂದೇ ಅಳತೆಯವಲ್ಲವಲ್ಲ, ಕಾಲೇಜು ಬಿಟ್ಟು ಬಂದ ಮೇಲೆ ಒಂದೊಂದಕ್ಕೂ ನೀರು ತುಂಬಿ ಎಷ್ಟು ಕಪ್ ಹಿಡಿಯುತ್ತದೆಂದು ಅಳೆದು ಚೀಟಿಯ ಮೇಲೆ ಬರೆಯುವ ಕೆಲಸ ನನ್ನದಾಗಿತ್ತು.